ಶಾಂತಕ್ಕನ ಜಾಡಿ, ನನ್ನ ನಾಲಗೆ

ಹೋದ ತಿಂಗಳು ತಮ್ಮನ ಮಗಳು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ವೈನ್ ಮಾಡುವ ಜಾಗವೊಂದನ್ನು ತೋರಿಸಲು ಹೊರಟಳು. ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ರವಾಸ. "ಅತ್ತಿ, ನೀವು ಬರೇ ದ್ರಾಕ್ಷಿ ತ್ವಾಟ ನೋಡ್ರಿ. ಉಳಿದದ್ದಕ್ಕ ತಲಿ ಕೆಡಿಸಿಕೋಬ್ಯಾಡ್ರಿ" ಎಂದು ದಾರಿಯುದ್ದಕ್ಕೂ ಸಮಾಧಾನ ಹೇಳುತ್ತಿದ್ದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಿವೃತ್ತ ಶಾಲಾ ಶಿಕ್ಷಕಿ ಅಲ್ಲಿ ಏನು ಗದ್ದಲ ಎಬ್ಬಿಸುವಳೋ ಎಂಬ ಅಂಜಿಕೆ ಆಕೆಗೆ.

ತೋಟ ತಿರುಗಿ ಆದ ಮೇಲೆ ನಮ್ಮನ್ನೊಂದು ತಣ್ಣಗಿನ ಕೋಣೆಗೆ ಕರೆದೊಯ್ದರು. ಉದ್ದನೆಯ ಮೇಜು, ಸಾಲಾಗಿ ಇಟ್ಟ ಗಾಜಿನ ಲೋಟಗಳು, ಪಕ್ಕದಲ್ಲೊಂದು ಸ್ಟೀಲಿನ ಬಕೆಟ್ಟು. ಅಲ್ಲಿನ ಹುಡುಗಿ ಬಲು ನಯವಾಗಿ, "ಯಾರೂ ಖಾರ ತಿಂದು ಬಂದಿಲ್ಲ ಅಲ್ವಾ? ಖಾರ ತಿಂದಿದ್ದರೆ ನಾಲಗೆ ಸುಳ್ಳು ಹೇಳುತ್ತೆ" ಎಂದಳು. ನನಗೆ ನಗು ಉಕ್ಕಿ ಬಂದು ಸೆರಗು ಬಾಯಿಗೆ ಒತ್ತಿಕೊಳ್ಳಬೇಕಾಯಿತು. ಆಕೆ ಬಕೆಟ್ಟು ತೋರಿಸಿ, ನುಂಗಲೇಬೇಕೆಂದಿಲ್ಲ, ಬಾಯಲ್ಲಿ ಹೊರಳಿಸಿ ಉಗುಳಬಹುದು ಎಂದಳು.

"ಗೊತ್ತವ್ವ, ನನಗ ಗೊತ್ತು" ಎಂದೆ.

ತಮ್ಮನ ಮಗಳು ಕಣ್ಣು ಅಗಲಿಸಿ ನನ್ನನ್ನು ನೋಡಿದಳು. "ನಿಮಗ ಹೆಂಗ ಗೊತ್ತು ಅತ್ತಿ?"

ಹೇಗೆ ಗೊತ್ತು ಎಂದರೆ ಎಂಬತ್ತೊಂದನೆಯ ಇಸವಿಯ ಬೆಟಗೇರಿಗೆ ಹೋಗಬೇಕು. ನನಗಾಗ ಇಪ್ಪತ್ಮೂರು. ಬಾದಾಮಿ ಕಡೆಯ ಹಳ್ಳಿಯಿಂದ ಅಲ್ಲಿನ ಪ್ರಾಥಮಿಕ ಶಾಲೆಗೆ ನೌಕರಿಗೆ ಬಂದು ವರ್ಷ ತುಂಬಿರಲಿಲ್ಲ. ಒಂಟಿ ಹೆಣ್ಣುಮಗಳಿಗೆ ಬಾಡಿಗೆಗೆ ಕೋಣೆ ಕೊಡುವವರೇ ಇಲ್ಲದೆ ಅಲೆದು ಸುಸ್ತಾಗಿದ್ದಾಗ, "ಒಲಿ ಬ್ಯಾರೆ ಹಾಕಿಕೊಡ್ತೀನಿ. ನಿಮ್ಮ ನೇಮ ನಿಮಗ, ನಂದು ನನಗ. ಬರ್ರಿ ಅಕ್ಕೋರ ಒಳಗ" ಎಂದು ಕರೆದವರು ಶಾಂತಕ್ಕ. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುವುದು. ಮಗಳ ವಯಸ್ಸಿನ ನನ್ನನ್ನು ಅವರು ಕೊನೆಯವರೆಗೂ ಹಾಗೆಯೇ ಕರೆದರು. ಕ್ರಿಶ್ಚಿಯನ್ ಮನೆತನ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ವಿಧವೆ, ಮಕ್ಕಳಿಲ್ಲ. ಹೆಸರಷ್ಟೇ ಶಾಂತಾ. ಅವರು ಬಾಯಿ ತೆರೆದರೆ ಓಣಿಯ ಮಗ್ಗಗಳ ಸದ್ದೂ ಕೇಳಿಸುತ್ತಿರಲಿಲ್ಲ.

ಅವರ ಅಡುಗೆಮನೆಯ ಮೂಲೆಯಲ್ಲಿ ನಡುಮಟ್ಟದ ಒಂದು ಪಿಂಗಾಣಿ ಜಾಡಿ ಇತ್ತು. ಚರ್ಚಿನಲ್ಲಿ ಕರ್ತನ ಭೋಜನದ ದಿನ ಎಲ್ಲರಿಗೂ ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ಕೊಡುತ್ತಾರಲ್ಲ, ಆ ರಸ ಹುಟ್ಟುತ್ತಿದ್ದದ್ದು ಈ ಜಾಡಿಯಲ್ಲಿ. ಮೊದಲು ಶಾಂತಕ್ಕನ ತಾಯಿ ಮಾಡುತ್ತಿದ್ದರು, ತಾಯಿ ಹೋದ ಮೇಲೆ ಇವರು. ಗಂಡ ಇಲ್ಲ, ನೌಕರಿ ಮುಗಿದಿದೆ. ಊರಿನಲ್ಲಿ ನಾಲ್ಕು ಜನ ಬಾಗಿಲಿಗೆ ಬಂದು ಶಾಂತವ್ವ ಎಂದು ಕರೆಯುತ್ತಿದ್ದುದು ಆ ಜಾಡಿಯ ದೆಸೆಯಿಂದ. ಅದನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ, ನನಗೆ ನೋಡಿಯೇ ತಿಳಿದಿತ್ತು.

ಶಿವರಾತ್ರಿಗೆ ಇನ್ನೂ ಮೂರ್ನಾಲ್ಕು ವಾರ ಇರುವಾಗ ಒಂದು ಸಂಜೆ ಶಾಲೆಯಿಂದ ಬಂದೆ. ಬೀದಿಗೆಲ್ಲ ಹಾಲು ಸುಟ್ಟ ವಾಸನೆ. ಒಳಗೆ ನೋಡಿದರೆ ಪಾತ್ರೆ ಕರಕಲಾಗಿ ಹೊಗೆ ಏಳುತ್ತಿದೆ, ಎರಡು ಮಾರು ಆಚೆ ಶಾಂತಕ್ಕ ಬೆನ್ನು ತಿರುಗಿಸಿ ಅವರೆಕಾಯಿ ಬಿಡಿಸುತ್ತ ಕೂತಿದ್ದಾರೆ.

"ವಾಸನಿ ಬರಲಿಲ್ಲೇನ್ರಿ ಶಾಂತಕ್ಕಾರ?"

ಅವರು ಪಾತ್ರೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಎದ್ದು ಹೊರಬಾಗಿಲು ಮುಚ್ಚಿ ಬಂದರು.

"ಕ್ರಿಸ್‌ಮಸ್ ಮುಗದ ಮ್ಯಾಲ ಜ್ವರ ಬಂತಲ್ರಿ, ಅವತ್ತಿನಿಂದ ಏನೂ ತಿಳಿಯವಲ್ದು. ವಾಸನಿ ಇಲ್ಲ, ರುಚಿ ಇಲ್ಲ. ಉಪ್ಪು, ಹುಳಿ, ಸಿಹಿ ಎಲ್ಲಾ ಒಂದ. ಬಾಯಾಗ ಒಣಾ ಹಿಟ್ಟು ಇಟ್ಕೊಂಡಂಗ. ಡಾಕ್ಟರಿಗೆ ತೋರಿಸೀನಿ. ಬಂದ್ರ ಬರತೈತಿ, ಇಲ್ಲಾಂದ್ರ ಇಲ್ಲ ಅಂದ್ರು."

ನಾನು ಪಾತ್ರೆಯನ್ನು ಒಲೆಯಿಂದ ಇಳಿಸಿದೆ. ಅವರೇ ಮುಂದುವರಿಸಿದರು. "ಈಸ್ಟರಿಗೆ ರಸಾ ಮಾಡಬೇಕು. ನಮ್ಮ ಸಭಾದ ಹಿರಿಯಾರು ಸ್ಯಾಮ್ಯುಯೆಲ್ ಮಾಸ್ತರು ಅದಾರಲ್ಲ, ಹುಬ್ಬಳ್ಳಿಯಿಂದ ಬಾಟ್ಲಿ ತರಸೂಣು, ಶಾಂತವ್ವಗ ಯಾಕ ತ್ರಾಸು ಅಂತ ಹೋದ ವರ್ಷದಿಂದ ರಾಗ ಎಳಿಯಾಕತ್ತಾರ. ನನ್ನ ನಾಲಗಿ ಸುದ್ದಿ ಅವರ ಕಿವಿಗೆ ಬಿತ್ತಂದ್ರ ಆತು, ಬಾಟ್ಲಿ ಬರತೈತಿ, ನನ್ನ ಜಾಡಿ ಅಟ್ಟಾ ಏರತೈತಿ. ಅಕ್ಕೋರ, ಈಸ್ಟರ್ ತನಕ ನಿಮ್ಮ ನಾಲಗಿ ಕೊಡ್ತೀರೇನು?"

ಎಂಥ ಮಾತು ನೋಡಿ! ನಾನು ಹುಟ್ಟಿದಾರಭ್ಯ ಅಂಥದ್ದನ್ನು ಮೂಸಿ ಕೂಡ ನೋಡಿದವಳಲ್ಲ. ಅಪ್ಪನಿಗೆ ಸುದ್ದಿ ಹೋದರೆ ನೌಕರಿ ಬಿಡಿಸಿ ಮನೆಗೆ ಎಳೆದೊಯ್ಯುತ್ತಿದ್ದ. ಶಾಂತಕ್ಕನಿಗೂ ಅದು ಹೊಳೆದಿತ್ತು. "ನಿಮ್ಮ ನೇಮ ಕೆಡಸೂದು ಬ್ಯಾಡ. ಬಾಯಾಗ ಹೊರಳಿಸಿ ದಾಸವಾಳದ ಬುಡಕ ಉಗುಳಿಬಿಡ್ರಿ" ಎಂದರು. ನನ್ನ ಪಾಲಿಗೆ ಬಾಗಿಲು ತೆರೆದ ಒಂದೇ ಒಂದು ಮನೆಯಾಕೆ ಕೇಳಿದ ಒಂದೇ ಒಂದು ಉಪಕಾರ. ಹೂಂ ಎಂದೆ.

ಕಪಾಟಿನಲ್ಲಿ ಹಿಂದಿನ ಕ್ರಿಸ್‌ಮಸ್ಸಿನ ಒಂದು ಶೀಶೆ ಉಳಿದಿತ್ತು. ಜ್ವರ ಬರುವ ಮೊದಲು ಅವರೇ ಹದ ಮಾಡಿದ್ದು. ಅದರಿಂದ ಚಮಚ ತುಂಬಿ ಕೊಟ್ಟು, "ಇದು ನಮ್ಮವ್ವನ ರುಚಿ. ನೆನಪಿಟ್ಕೋರಿ" ಎಂದರು. ಹೆಸರು ಹೇಳಲು ಬಾರದ ರುಚಿ. ನನಗೆ ತಿಳಿದ ಮಾತಿನಲ್ಲೇ ಹೇಳಿದೆ: ಮೊದಲು ಹುಣಸೆ ಚಿಗುರಿನ ಹುಳಿ, ನಡುವೆ ಜೋನಿಬೆಲ್ಲ, ಕಟ್ಟಕಡೆಗೆ ಎಳೆ ನೆಲ್ಲಿಕಾಯಿಯ ಒಗರು. ಶಾಂತಕ್ಕ ತೊಡೆ ತಟ್ಟಿ, "ಖರೇನ ಹಂಗ ಐತಿ!" ಎಂದರು. ಅಂದಿನಿಂದ ನಮ್ಮಿಬ್ಬರ ಭಾಷೆ ಅದೇ ಆಯಿತು.

ಶನಿವಾರ ಬೆಳಗಿನ ಶಾಲೆ. ಹನ್ನೊಂದೂವರೆಗೆ ಗಂಟೆ ಬಾರಿಸಿದರೆ ನಾನು ಚೀಲ ಹಿಡಿದು ಓಡುತ್ತಿದ್ದೆ, ಶಾಂತಕ್ಕ ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಬಿಚ್ಚಿ ನಿಂತಿರುತ್ತಿದ್ದರು. ಮೊದಲ ಶನಿವಾರ, ನನ್ನ ನಾಲಗೆ ಪಳಗಿಸಲೆಂದು, ಶಿರಹಟ್ಟಿ. ಅಲ್ಲಿ ಪೌಲಪ್ಪ ಎಂಬ ನಿವೃತ್ತ ಕಂಪೌಂಡರ್ ಇದ್ದರು, ಶಾಂತಕ್ಕನ ಜೊತೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು, ಮನೆಮಟ್ಟಿಗೆ ವೈನು ಮಾಡುತ್ತಿದ್ದವರು. ಹಳೆಯ ಔಷಧಿ ಶೀಶೆಗಳಲ್ಲೇ ಅದನ್ನು ತುಂಬಿ, ಡೋಸಿನ ಗೆರೆಯ ಕಾಗದವನ್ನೂ ಹಾಗೇ ಬಿಟ್ಟಿದ್ದರು. ಔಷಧಿ ಅಳೆಯುವ ಪುಟ್ಟ ಗಾಜಿನ ಲೋಟದಲ್ಲಿ ಕೊಟ್ಟು, "ಊಟಾದ ಮ್ಯಾಲ ದಿನಕ್ಕ ಮೂರು ಸಲ, ಅಲುಗಾಡಿಸಿ ಕುಡೀರಿ" ಎಂದು ನಕ್ಕರು. ನೇರಳೆಯದು, ಒಣದ್ರಾಕ್ಷಿಯದು, ಶುಂಠಿಯದು. ನಾನು ಒಂದೊಂದನ್ನೂ ಹೊರಳಿಸಿ ಅವರ ಅಂಗಳದ ತುದಿಗೆ ಹೋಗಿ ಉಗುಳಿ ಬರುತ್ತಿದ್ದೆ. ಅಕ್ಕೋರಿಗೆ ಹಲ್ಲುನೋವು ಎಂದು ಶಾಂತಕ್ಕ ಒಂದು ಸುಳ್ಳನ್ನೂ ಪೋಣಿಸಿದರು.

ಎರಡನೆಯ ಶನಿವಾರ ಹಣ್ಣು ಹುಡುಕಿಕೊಂಡು ಮುಂಡರಗಿ. ಕಪ್ಪತಗುಡ್ಡವನ್ನು ಬಲಕ್ಕೆ ಬಿಟ್ಟು ಬಸ್ಸು ಓಡುವಾಗ ಎರಡೂ ಕಡೆ ಜೋಳದ ಸುಗ್ಗಿ, ಬಿಸಿಗಾಳಿಯಲ್ಲಿ ಹೊಟ್ಟು ಹಾರುತ್ತಿತ್ತು. ಊರಾಚೆ ಖಾತೂನಬಿಯ ದ್ರಾಕ್ಷಿ ತೋಟ. ಗಂಡ ಸಂತೆ, ವ್ಯಾಪಾರ ಎಂದು ತಿರುಗುತ್ತಿದ್ದುದರಿಂದ ಬಾವಿ, ಬಳ್ಳಿ ಎಲ್ಲ ಆಕೆಯದೇ ಮೇಲ್ವಿಚಾರಣೆ. ಬಂದವರನ್ನು ಉಣ್ಣಿಸದೆ ಬಳ್ಳಿಯ ಹತ್ತಿರ ಬಿಡುವ ರೂಢಿ ನಮ್ಮ ಸೀಮೆಯಲ್ಲಿ ಇಲ್ಲ. ನಾನು ಲಿಂಗ ಕಟ್ಟಿದವಳೆಂದು ನೋಡಿ, ಆಕೆ ಹೊಸ ಗಡಿಗೆಯಲ್ಲಿ ಬೇರೆಯಾಗಿ ಬೇಳೆ ಬೇಯಿಸಿ, ರೊಟ್ಟಿ, ಶೇಂಗಾ ಚಟ್ನಿ ಇಟ್ಟಳು. ಮುಸಲ್ಮಾನರ ಮನೆಯಲ್ಲಿ ನಾನು ಉಂಡ ಮೊದಲ ಊಟ ಅದು. ಮೊದಲ ತುತ್ತನ್ನು ಅಳುಕುತ್ತ ಮುರಿದೆ, ಎರಡನೆಯ ರೊಟ್ಟಿ ನಾನೇ ಕೇಳಿ ಹಾಕಿಸಿಕೊಂಡೆ. ಆಕೆಯ ಮುಖ ಹೂವಾಯಿತು. ಊಟವಾದ ಮೇಲೆ ದ್ರಾಕ್ಷಿ ತಿಂದೆ. ಅಡ್ಡಿಯಿಲ್ಲ, ಚಲೋ ಇದೆ ಎನಿಸಿತು, ಅಷ್ಟೇ.

ಮೂರನೆಯ ಶನಿವಾರ ಲಕ್ಷ್ಮೇಶ್ವರ. ಅಸುಂಡಿ ದಾಟಿ, ಮಣ್ಣು ತಿಂದು, ಬೆವರಿ ಬಸವಳಿದು ಹೋದ ನಮಗೆ ತೋಟದ ಗೌಡರ ಮನೆಯಲ್ಲಿ ಕಡಕ್ ರೊಟ್ಟಿ, ಎಣ್ಣೆಗಾಯಿ, ಮೇಲೆ ಆಗಷ್ಟೇ ಅರೆದ ರಂಜಕ. ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಕೂಡಿಸಿ ಅರೆದ ಆ ಚಟ್ನಿಗೆ ಕುಸುಬಿ ಎಣ್ಣೆ ಹಾಕಿಕೊಂಡು ನಾನು ಕಣ್ಣು, ಮೂಗು ಸೋರಿಸುತ್ತ ಉಂಡೆ. ಆಮೇಲೆ ಬಳ್ಳಿಯ ಕೆಳಗೆ ಹೋಗಿ ಒಂದು ಕರಿದ್ರಾಕ್ಷಿ ಬಾಯಿಗೆ ಹಾಕಿಕೊಂಡರೆ, ಅಬ್ಬಬ್ಬಾ, ಸಾಕ್ಷಾತ್ ಜೇನು!

"ಶಾಂತಕ್ಕಾರ, ಇದ ಆಗಲಿ. ಇದರ ಮುಂದ ಮುಂಡರಗಿದು ಏನೂ ಅಲ್ಲ."

"ನೋಡ್ರಿ ಮತ್ತ, ನಿಮ್ಮ ಮ್ಯಾಲ ಬಿಟ್ಟೀನಿ."

ಎರಡು ಬುಟ್ಟಿ ಹೊತ್ತು ತಂದೆವು. ತೊಳೆದು, ನೆರಳಲ್ಲಿ ಆರಿಸಿ, ಕೈಯಿಂದ ಹಿಚುಕಿ, ಸಕ್ಕರೆ, ಹಿಡಿ ಗೋಧಿ, ಎರಡು ಲವಂಗ ಹಾಕಿ, ಜಾಡಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿದರು ಶಾಂತಕ್ಕ. ಮೊದಲ ಎರಡು ವಾರ ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕಬೇಕು, ರುಚಿ ನೋಡಬಾರದು ಎಂಬುದು ಅವರ ತಾಯಿಯ ಕಟ್ಟಳೆ. ಅವರು ಜಾಡಿಗೆ ಕಿವಿ ಹಚ್ಚಿ ಒಳಗಿನ ಸಣ್ಣ ಸದ್ದು ಆಲಿಸುತ್ತಿದ್ದರು. "ಮಾತಾಡಾಕತ್ತೈತಿ. ಕಿವಿ ಅರ ಉಳದಾವಲ್ಲ, ದೇವರು ದೊಡ್ಡಾಂವ" ಎನ್ನುತ್ತಿದ್ದರು.

ಎರಡು ವಾರ ಕಳೆದ ದಿನ ಬೆಳಿಗ್ಗೆ, ಮುಖ ತೊಳೆದು ಚಹಾ ಕೂಡ ಕುಡಿಯುವ ಮೊದಲು ಚಮಚದಲ್ಲಿ ತೆಗೆದು ಬಾಯಿಗಿಟ್ಟೆ. ಹಲ್ಲು ಜುಮ್ಮೆಂದವು. ಹುಳಿ, ಬರೀ ಹುಳಿ. ಜೇನು ಎಲ್ಲಿ ಹೋಯಿತು? ಜಾಡಿಯಲ್ಲಿ ಏನಾದರೂ ಕೆಟ್ಟಿತೇ ಎಂದು ಶಾಂತಕ್ಕ ಗಾಬರಿಯಾದರು. ಮಧ್ಯಾಹ್ನ ಉಂಡೆದ್ದು ಮತ್ತೊಮ್ಮೆ ರುಚಿ ನೋಡಿದೆ. ಸಿಹಿಯಾಗಿತ್ತು! ಆಗ ತಟ್ಟೆಯಲ್ಲಿ ಉಳಿದ ರಂಜಕದ ಕಡೆ ನನ್ನ ಕಣ್ಣು ಹೋಯಿತು. ಉರಿಯುವ ನಾಲಗೆಗೆ ಏನು ಸೋಕಿದರೂ ಸಿಹಿಯೇ. ಲಕ್ಷ್ಮೇಶ್ವರದಲ್ಲಿ ನಾನು ಹೊಗಳಿದ್ದು ದ್ರಾಕ್ಷಿಯನ್ನಲ್ಲ, ಖಾರ ಆರಿದ ಸುಖವನ್ನು. ಹುಟ್ಟಿದಾಗಿನಿಂದ ಮೂರು ಹೊತ್ತೂ ಖಾರ ಉಂಡವಳಿಗೆ ಅದು ನಾಲಗೆ ಕೆಡಿಸುತ್ತದೆ ಎಂದು ಹೊಳೆಯುವುದಾದರೂ ಹೇಗೆ?

ನಾನು ಅತ್ತುಬಿಟ್ಟೆ. ನನ್ನನ್ನು ನಂಬಿ ಕೂತವರ ಮಾನ ಕಳೆದೆನಲ್ಲ ಎಂದು. ಬೈದಾರು ಎಂದುಕೊಂಡಿದ್ದೆ, ಶಾಂತಕ್ಕ ಸೆರಗಿನಿಂದ ನನ್ನ ಮೂಗು ಒರೆಸಿ, "ಅಳೂದು ಆಮ್ಯಾಲ ಇಟ್ಕೋರಿ. ಈಸ್ಟರಿಗೆ ಇನ್ನೂ ಒಂದು ತಿಂಗಳೈತಿ. ನಾಳೆ ಹೋಳಿ ಸೂಟಿ, ಮೊದಲನೇ ಬಸ್ಸಿಗೆ ಮುಂಡರಗಿಗೆ ಹೋಗೂಣು. ಬರಗಾಲ ಬಿದ್ದವರಂಗ ಖಾಲಿ ಹೊಟ್ಟೀಲೆ ಹೋಗೂಣು" ಎಂದರು.

ಹಾಗೆಯೇ ಹೋದೆವು. ತೋಟ ಮುಟ್ಟಿದಾಗ ಬಿಸಿಲು ಇನ್ನೂ ಎಳೆಯದು. ಖಾತೂನಬಿ ನಮ್ಮನ್ನು ಕಂಡದ್ದೇ ತಡ, ಒಲೆ ಊದಿ, ರೊಟ್ಟಿ ಬಡಿದು, ಎರಡು ತಾಟು ತಂದಿಟ್ಟಳು. ನನ್ನ ತಾಟಿನಲ್ಲಿ ಈ ಸಲ ರಂಜಕವೂ ಇತ್ತು. ಹೋದ ಸಲ ಅದು ನನಗೆ ಇಷ್ಟ ಎಂದು ಮಾತಿನ ನಡುವೆ ಹೇಳಿದ್ದನ್ನು ನೆನಪಿಟ್ಟು ಅರೆದಿದ್ದಳು.

"ಈಗ ಬ್ಯಾಡ್ರಿ ಖಾತೂನವ್ವ" ಎಂದೆ.

"ಯಾಕ?"

"ಹಸಿವಿಲ್ರಿ."

ಆಕೆ ನನ್ನನ್ನು ದಿಟ್ಟಿಸಿ ನೋಡಿದಳು. "ಇಷ್ಟು ಹೊತ್ತಿಗೆ ಬೆಟಗೇರಿಯಿಂದ ಬಂದವರಿಗೆ ಹಸಿವಿಲ್ಲೇನು? ಹೋದ ಸಲ ಕೇಳಿ ಹಾಕಿಸಿಕೊಂಡ್ರಿ. ಊರಾಗ ಯಾರರ ಏನರ ಅಂದ್ರೇನು ಅಕ್ಕೋರ, ಸಾಬರ ಮನ್ಯಾಗ ಉಂಡಿ ಅಂತ?"

ನಿಜ ಹೇಳೋಣವೆಂದರೆ ಅದು ನನ್ನ ಗುಟ್ಟಲ್ಲ. ಉಣ್ಣೋಣವೆಂದರೆ ಬಂದ ಕೆಲಸ ಹಾಳು. ತಾಟಿನ ಮುಂದೆ ತಲೆ ತಗ್ಗಿಸಿ ಕೂತೆ. ಆಗ ಓಣಿ ಹಾರಿಹೋಗುವಂತೆ ಮಾತಾಡುತ್ತಿದ್ದ ಶಾಂತಕ್ಕ ಮೊದಲ ಸಲ ಸಣ್ಣ ದನಿಯಲ್ಲಿ ಹೇಳಿದರು.

"ಅವರನ್ನ ಅನಬ್ಯಾಡ ಖಾತೂನವ್ವ. ಅವರು ನನ್ನ ಸಲುವಾಗಿ ಉಪವಾಸ ಅದಾರ. ನನ್ನ ನಾಲಗಿ ಸತ್ತು ಮೂರು ತಿಂಗಳಾತು. ನನ್ನ ಪಾಲಿನ ರುಚಿ ಅವರ ನೋಡಬೇಕು. ಖಾರ ಉಂಡ್ರ ತಪ್ಪತೈತಿ, ಒಮ್ಮೆ ತಪ್ಪೇತಿ. ನಮ್ಮ ಮಂದಿಗೆ ಯಾರಿಗೂ ಇದು ಗೊತ್ತಿಲ್ಲ."

ಖಾತೂನಬಿ ಎರಡೂ ತಾಟು ಎತ್ತಿಕೊಂಡು, "ಇಷ್ಟನ್ನ ಬಂದ ಕೂಡಲೇ ಹೇಳಿದ್ರ ನಿಮ್ಮದೇನು ಗಂಟು ಹೋಗ್ತಿತ್ತು?" ಎಂದು ನಮ್ಮಿಬ್ಬರನ್ನೂ ಗದರಿದಳು. ರೊಟ್ಟಿ, ರಂಜಕ ಎಲ್ಲ ಒಂದು ಹಸಿರು ಚೌಕದ ವಸ್ತ್ರದಲ್ಲಿ ಬುತ್ತಿ ಕಟ್ಟಿ ಗೂಟಕ್ಕೆ ತೂಗುಹಾಕಿದಳು. ನನಗೆ ಬಾಯಿ ಮುಕ್ಕಳಿಸಲು ತಂಬಿಗೆ ನೀರು ಕೊಟ್ಟು ಬಳ್ಳಿಗಳ ಕಡೆ ಮುಂದೆ ನಡೆದಳು.

"ಗಿಣಿ ಕಚ್ಚಿದ ಗೊಂಚಲಾ ನೋಡಿಕೊಂತ ಬರ್ರಿ. ಅವಕ್ಕ ನಮಗಿಂತಾ ಛಲೋ ತಿಳೀತೈತಿ. ನೀವು ಇದರಿಂದ ಏನು ಮಾಡ್ತೀರಿ ಅಂತ ನನಗ ಗೊತ್ತೈತಿ. ನಾವು ಅದನ್ನ ಮುಟ್ಟೂದಿಲ್ಲ. ಆದ್ರ ದೇವರ ಮುಂದ ಇಡೂದು ಅಂತೀರಿ, ಹುಳೀದು ಕೊಟ್ಟು ಕಳಸಲೇನು?"

ಮೂರು ವಾರದಲ್ಲಿ ಆ ಹಣ್ಣು ಮಾಗಿ ಕಪ್ಪಾಗಿತ್ತು. ಖಾಲಿ ಹೊಟ್ಟೆ, ಸ್ವಚ್ಛ ಬಾಯಿ. ಒಂದೊಂದು ಹಣ್ಣೂ ಬೇರೆ ಬೇರೆಯಾಗಿ ಮಾತಾಡಿತು. ಯಾವ ಸಾಲು ಸಿಹಿ, ಯಾವುದಕ್ಕೆ ಒಗರು ಉಳಿದಿದೆ ಎಂದು ನಾನು ಹೇಳಿದಂತೆ ಆಕೆ ಕತ್ತರಿಸುತ್ತ ಹೋದಳು. ಬುಟ್ಟಿ ತುಂಬಿದ ಮೇಲೆ ಬುತ್ತಿಯನ್ನು ನನ್ನ ಕೈಗೆ ಕೊಟ್ಟು, "ಈಗ ಉಣ್ಣಲಿಲ್ಲ ಅಂದ್ರ ನೋಡ್ರಿ" ಎಂದಳು. ಮುಂಡರಗಿ ಬಸ್‌ಸ್ಟ್ಯಾಂಡಿನ ಬೇವಿನ ನೆರಳಲ್ಲಿ ಕೂತು ಉಂಡೆವು. ಅಂಥ ರುಚಿಯಾದ ಊಟವನ್ನು ನಾನು ಮತ್ತೆ ಎಲ್ಲಿಯೂ ಉಂಡಿಲ್ಲ. ಶಾಂತಕ್ಕನಿಗೆ ರುಚಿ ತಿಳಿಯದಿದ್ದರೂ ಖಾರದ ಉರಿ ಮಾತ್ರ ತಾಗಿತು. ಕಣ್ಣಲ್ಲಿ ನೀರು ತಂದುಕೊಂಡು, "ಇಷ್ಟರ ತಿಳೀತಲ್ಲ!" ಎಂದು ಖುಷಿಪಟ್ಟರು.

ಮೊದಲಿನ ರಸವನ್ನು ಸೋಸಿ ಶೀಶೆಗಳಲ್ಲಿ ಎತ್ತಿಟ್ಟು, ಜಾಡಿಗೆ ಮುಂಡರಗಿಯ ಹಣ್ಣು ಹಾಕಿದೆವು. ಈಸ್ಟರ್ ಹಿಂದಿನ ದಿನ ನಸುಕಿನಲ್ಲೇ ಕೂತೆವು. ಒಂದು ಬಟ್ಟಲಲ್ಲಿ ಲಕ್ಷ್ಮೇಶ್ವರದ ಹುಳಿ, ಒಂದರಲ್ಲಿ ಮುಂಡರಗಿಯ ಸಿಹಿ, ಮೂರನೆಯದರಲ್ಲಿ ಹಳೆಯ ಶೀಶೆಯ ತಳದಲ್ಲಿ ಉಳಿದಿದ್ದ ಅವ್ವನ ರುಚಿ. ಬರೀ ಸಿಹಿಯೂ ಅವ್ವನ ರುಚಿಯಾಗಿರಲಿಲ್ಲ, ಅದಕ್ಕೆ ಆ ಹುಳಿ ಬೇಕಿತ್ತು. ನಾನು ಕೆಡಿಸಿದೆ ಎಂದುಕೊಂಡದ್ದೇ ಕೆಲಸಕ್ಕೆ ಬಂತು. ಎರಡು ಚಮಚಕ್ಕೆ ಒಂದು, ಮೂರಕ್ಕೆ ಒಂದು ಎಂದು ಕೂಡಿಸುತ್ತ, ಹೊರಳಿಸುತ್ತ, ದಾಸವಾಳದ ಬುಡಕ್ಕೆ ಓಡುತ್ತ ಇದ್ದೆ. ಶಾಂತಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಐದನೆಯ ಸಲಕ್ಕೆ ಹುಣಸೆ ಚಿಗುರು ಬಂತು, ಜೋನಿಬೆಲ್ಲ ಬಂತು, ಕಡೆಗೆ ನೆಲ್ಲಿಕಾಯಿಯೂ ಬಂತು.

ನಾನು ಏಳಲಿಲ್ಲ.

"ಉಗುಳ್ರಿ ಅಕ್ಕೋರ, ಉಗುಳ್ರಿ" ಎಂದರು ಶಾಂತಕ್ಕ.

ನುಂಗಿದೆ. ಅಷ್ಟು ಜನರ ಪ್ರೀತಿ ಸೇರಿದ್ದನ್ನು ಗಿಡದ ಬುಡಕ್ಕೆ ಉಗುಳಲು ನನ್ನಿಂದಾಗಲಿಲ್ಲ. "ಇದ ಐತ್ರಿ, ಶಾಂತಕ್ಕಾರ. ನಿಮ್ಮವ್ವಂದ" ಎಂದೆ. ಅವರು ನನ್ನ ಕೆನ್ನೆಯ ಮೇಲೆ ಕೈ ಇಟ್ಟರು.

ಮರುದಿನ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ನಾನು ನೋಡಿದ್ದು ಸ್ಯಾಮ್ಯುಯೆಲ್ ಮಾಸ್ತರ ಮುಖವೊಂದನ್ನೇ. ಆರಾಧನೆ ಮುಗಿದ ಮೇಲೆ ಅವರು ನೆಟ್ಟಗೆ ನಮ್ಮ ಕಡೆ ಬಂದರು. "ಶಾಂತವ್ವ, ನಿಮ್ಮವ್ವನ ಕೈ ನೆನಪಾತು ನೋಡು. ಹುಬ್ಬಳ್ಳಿ ಬಾಟ್ಲಿ ಸುದ್ದಿ ಇನ್ನ ನಾ ತಗಿಯಾಂಗಿಲ್ಲ" ಎಂದರು.

ಗೆದ್ದೆವು ಎಂದುಕೊಂಡೆ. ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಶಾಂತಕ್ಕ ಸುಮ್ಮನಿರುವವರೇ? ಸುತ್ತ ನಿಂತ ಹತ್ತು ಜನಕ್ಕೂ ಕೇಳುವ ಹಾಗೆ, "ಮಾಸ್ತರ, ಕೈ ನಂದು, ನಾಲಗಿ ಈ ಅಕ್ಕೋರದು. ನನಗ ರುಚಿ ಹೋಗಿ ನಾಲ್ಕು ತಿಂಗಳಾತು. ದೇವರ ಮನ್ಯಾಗ ಸುಳ್ಳು ಯಾಕ? ಬಾಟ್ಲಿ ತರಸೂದಿದ್ರ ತರಸ್ರಿ" ಎಂದುಬಿಟ್ಟರು.

ಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನನ್ನ ಕಡೆ ತಿರುಗಿ, "ಕ್ರಿಸ್‌ಮಸ್ಸಿಗೆ ನೀವು ಇಲ್ಲೇ ಇರ್ತೀರಿಲ್ಲೋ ಅಕ್ಕೋರ?" ಎಂದು ಕೇಳಿದರು.

"ಇರ್ತೀನ್ರಿ."

"ಆತು ಹಂಗಾರ" ಎಂದು ಹೊರಟುಹೋದರು.

ವರ್ಗವಾಗುವ ತನಕ ಆರು ವರ್ಷ ಇದ್ದೆ. ಶಾಂತಕ್ಕನ ರುಚಿ ಮರಳಲಿಲ್ಲ, ಜಾಡಿಯೂ ಅಟ್ಟ ಏರಲಿಲ್ಲ. ಆ ಈಸ್ಟರ್ ಆದ ಮರು ಶನಿವಾರ ಹಸಿರು ಚೌಕದ ವಸ್ತ್ರ ಒಗೆದು, ಬರಿದಾಗಿ ಕೊಡಬಾರದೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಮುಂಡರಗಿಗೆ ಹೋಗಿದ್ದೆವು. ಎಲ್ಲವನ್ನೂ ಕೇಳಿಸಿಕೊಂಡು ಖಾತೂನಬಿ ಬಾಯಿಗೆ ಕೈ ಹಚ್ಚಿದಳು. "ಏನ್ ಮಂದಿ ಅದೀವಿ ನಾವು! ಬೆಳದಾಕಿ ನಾನು, ಕುಡಿಯಾಂಗಿಲ್ಲ. ಮಾಡಿದವರು ನೀವು, ರುಚಿ ಗೊತ್ತಿಲ್ಲ. ರುಚಿ ನೋಡಿದವರು ಅಕ್ಕೋರು, ಎಲ್ಲಾ ಉಗುಳ್ಯಾರ!" ಎಂದು ನಕ್ಕಳು. ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಲ್ಲವನ್ನೂ ಉಗುಳಿರಲಿಲ್ಲ ಎಂಬುದನ್ನು ಶಾಂತಕ್ಕ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಆ ತಣ್ಣಗಿನ ಕೋಣೆಯ ಹುಡುಗಿ ನನ್ನ ಮುಂದೆ ಒಂದು ಲೋಟ ಇಟ್ಟು, ಏನು ರುಚಿ ಬರುತ್ತಿದೆ ಹೇಳಿ ಎಂದಳು. ಬಾಯಲ್ಲಿ ಹೊರಳಿಸಿದೆ. ಹುಣಸೆ ಚಿಗುರು ಎಲ್ಲೋ ದೂರದಲ್ಲಿ ಇತ್ತು. ತಮ್ಮನ ಮಗಳು ಗಾಬರಿಯಿಂದ ಬಕೆಟ್ಟನ್ನು ನನ್ನ ಹತ್ತಿರ ಸರಿಸಿ, "ಉಗುಳ್ರಿ ಅತ್ತಿ, ಉಗುಳ್ರಿ" ಎಂದಳು.

ಆ ಮಾತು ಕೇಳಿ ನಲವತ್ತು ವರ್ಷದ ಮೇಲಾಗಿತ್ತು. ನಾನು ನುಂಗಿದೆ.